ಬೆಳಗಿನ ಮಿಸ್ಸಿಂಗ್, ಕಾಣದೆ ಇಳಿಯುವ ಕೂಲಂಟ್: ಎರಡೂ ಒಂದೇ ದೋಷವೇ?

ಪ್ರಶ್ನೆ: ನನ್ನದು 2009ನೇ ಮಾದರಿಯ ಡೀಸೆಲ್ ಪಿಕಪ್, ನಾಲ್ಕು ಸಿಲಿಂಡರಿನ 2.5 ಲೀಟರ್ ಎಂಜಿನ್, ಹಳೆಯ ಮೆಕ್ಯಾನಿಕಲ್ ಡೀಸೆಲ್ ಪಂಪ್. ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುತ್ತೇನೆ. ಮೂರು ತಿಂಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೂರೇ ಸಿಲಿಂಡರಿನಲ್ಲಿ ಓಡಿದ ಹಾಗೆ ಗಾಡಿ ಅದುರುತ್ತದೆ (ಮಿಸ್ಸಿಂಗ್), ಬಿಳಿ ಹೊಗೆ ಬರುತ್ತದೆ. ಐದು ನಿಮಿಷದಲ್ಲಿ ಸರಿಯಾಗುತ್ತದೆ. ರೇಡಿಯೇಟರಿಗೆ ವಾರಕ್ಕೆ ಒಂದು ಲೀಟರ್ ನೀರು ಹಾಕಬೇಕಾಗುತ್ತದೆ, ಆದರೆ ಗಾಡಿ ನಿಂತ ಜಾಗದಲ್ಲಿ ಒಂದು ಹನಿಯೂ ಕಾಣುವುದಿಲ್ಲ. ಡೀಸೆಲ್ ಚಿಮ್ಮಿಸುವ ನಾಲ್ಕೂ ನಾಜಲ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಒಬ್ಬರು ಪೂರ್ತಿ ಎಂಜಿನ್ ಬಿಚ್ಚಿ ಬೋರ್ ಮಾಡಿಸಿ (ಸಿಲಿಂಡರ್ ಕೊರೆಸಿ) ಎನ್ನುತ್ತಾರೆ, ಇನ್ನೊಬ್ಬರು ರೇಡಿಯೇಟರಿಗೆ ಲೀಕ್ ನಿಲ್ಲಿಸುವ ಪುಡಿ ಹಾಕಿ ಎನ್ನುತ್ತಾರೆ. ಏನು ಮಾಡಲಿ?
(ಮುಳಬಾಗಿಲು ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಸದ್ಯಕ್ಕೆ ಎರಡೂ ಬೇಡ. ನಿಮ್ಮ ಪತ್ರದಲ್ಲಿಯೇ ಅರ್ಧ ಉತ್ತರವಿದೆ: ತೊಂದರೆ ಬೆಳಿಗ್ಗೆ ಮಾತ್ರ ಕಾಣಿಸಿಕೊಳ್ಳುತ್ತದೆ, ಮತ್ತು ಹೊರಗೆ ಸೋರದ ನೀರು ಎಲ್ಲಿಯೋ ಒಳಗೇ ಹೋಗುತ್ತಿದೆ. ನಾಜಲ್ ಕೆಟ್ಟಿದ್ದರೆ ಎಂಜಿನ್ ಬಿಸಿಯಾದ ಮೇಲೂ ಅದರ ಲಕ್ಷಣ ಪೂರ್ತಿ ಮಾಯವಾಗುವುದು ಅಪರೂಪ; ಏರುದಾರಿಯಲ್ಲಿ ಕಪ್ಪು ಹೊಗೆಯೋ ಬಡಿತದ ಸದ್ದೋ ಉಳಿದೇ ಇರುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲೆಂದು ಸಿಲಿಂಡರಿನ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಸತ್ತಿದ್ದರೂ ಬೆಳಗಿನ ಹೊತ್ತು ಹೀಗೆಯೇ ಆಗುತ್ತದೆ ಎಂಬುದು ನಿಜ, ಆದರೆ ಹೀಟರ್ ಪ್ಲಗ್ ನೀರು ಕುಡಿಯುವುದಿಲ್ಲ. ಸುಡದೆ ಉಳಿದ ಡೀಸೆಲಿನ ಬಿಳಿ ಹೊಗೆ ಕಣ್ಣು ಉರಿಸುತ್ತದೆ. ರೇಡಿಯೇಟರ್ ನೀರಿಗೆ ಬೆರೆಸುವ ಕೂಲಂಟಿನ ಹೊಗೆಗೆ ಸಿಹಿ ವಾಸನೆ ಇರುತ್ತದೆ. ನೀವು ತಿಂಗಳುಗಳಿಂದ ಬರೀ ನೀರು ತುಂಬುತ್ತಿರುವುದರಿಂದ ಆ ವಾಸನೆ ಈಗ ಬಾರದೆಯೂ ಇರಬಹುದು, ಹಾಗಾಗಿ ಮೂಗನ್ನು ಪೂರ್ತಿ ನಂಬಬೇಡಿ.

ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಕೂರಿಸುವ ಪದರ) ಒಂದು ಕಡೆ ಸಣ್ಣದಾಗಿ ಬಿಟ್ಟುಕೊಂಡಿದೆ ಎಂಬುದು ನನ್ನ ಬಲವಾದ ಅನುಮಾನ. ರೇಡಿಯೇಟರ್ ಮುಚ್ಚಳವು ಬಿಸಿ ಎಂಜಿನ್ನಿನ ನೀರನ್ನು ಸುಮಾರು 1 ಬಾರ್ ಒತ್ತಡದಲ್ಲಿ ಹಿಡಿದಿಡುತ್ತದೆ. ಆ ಒತ್ತಡದಿಂದಾಗಿಯೇ ನೀರು 100 ಡಿಗ್ರಿಗೆ ಕುದಿಯದೆ 120 ಡಿಗ್ರಿಯ ಆಸುಪಾಸಿನವರೆಗೆ ತಡೆದುಕೊಳ್ಳುತ್ತದೆ. ರಾತ್ರಿ ಗಾಡಿ ನಿಲ್ಲಿಸಿದಾಗ ಸಿಲಿಂಡರಿನಲ್ಲಿ ಒತ್ತಡ ಉಳಿಯುವುದಿಲ್ಲ, ಆದರೆ ನೀರಿನ ಕಡೆ ಒತ್ತಡ ಬಹಳ ಹೊತ್ತು ನಿಲ್ಲುತ್ತದೆ. ಆಗ ಗ್ಯಾಸ್ಕೆಟಿನ ಬಿರುಕಿನಲ್ಲಿ ನೀರು ಹನಿಹನಿಯಾಗಿ ಒಳಗಿಳಿದು ಪಿಸ್ಟನ್ ಮೇಲೆ ನಿಲ್ಲುತ್ತದೆ. ಬೆಳಿಗ್ಗೆ ಆ ಒಂದು ಸಿಲಿಂಡರ್ ಒದ್ದೆಯಾಗಿರುವುದರಿಂದ ಉರಿಯುವುದಿಲ್ಲ. ನೀರು ಆವಿಯಾಗಿ ಹೊರಬಿದ್ದ ಮೇಲೆ ಎಂದಿನಂತೆ ಕೆಲಸ ಮಾಡುತ್ತದೆ.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ನಿಮ್ಮ ಎಂಜಿನ್ನಿನ ಒಂದೊಂದು ಸಿಲಿಂಡರಿನ ಅಳತೆ ಸುಮಾರು 625 ಸಿಸಿ. ಒತ್ತುವ ಪ್ರಮಾಣ 18ಕ್ಕೆ 1 ಎಂದು ಇಟ್ಟುಕೊಂಡರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 37 ಸಿಸಿ, ಅಂದರೆ ಚಿಕ್ಕ ಲೋಟದಲ್ಲಿ ಕೊಡುವ ಕಾಫಿಗಿಂತ ಕಡಿಮೆ. ನೀರನ್ನು ಗಾಳಿಯಂತೆ ಒತ್ತಲಾಗುವುದಿಲ್ಲ. ಅದಕ್ಕಿಂತ ಹೆಚ್ಚು ನೀರು ಸೇರಿದ ದಿನ ಸ್ಟಾರ್ಟರ್ ‘ಟಕ್’ ಎಂದು ನಿಂತುಬಿಡುತ್ತದೆ. ಬ್ಯಾಟರಿ ಇಳಿದಿರಬೇಕೆಂದು ತಿಳಿದು, ಇಳಿಜಾರಿನಲ್ಲಿ ಗಾಡಿ ತಳ್ಳಿ ಸ್ಟಾರ್ಟ್ ಮಾಡಿದವರೊಬ್ಬರ ಎಂಜಿನ್ ನನ್ನ ಶೆಡ್ಡಿಗೆ ಬಂದಿತ್ತು; ಮೂರನೇ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೆಂಡಾಗಿತ್ತು. ಒಂದು ಗ್ಯಾಸ್ಕೆಟಿನಲ್ಲಿ ಮುಗಿಯಬೇಕಾಗಿದ್ದ ಕೆಲಸ ಅರ್ಧ ಎಂಜಿನ್ನಿಗೆ ಹೋಯಿತು. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಲೋಡ್ ಹಾಕಬೇಡಿ, ಸ್ಟಾರ್ಟರ್ ಎಡವಿದರೆ ಎರಡನೇ ಸಲ ಕೀ ತಿರುಗಿಸಬೇಡಿ.

ಇಷ್ಟಾದರೂ ಅನುಮಾನ ಅನುಮಾನವೇ. ಮೊದಲು ಹೊರಗಿನ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ. ಬೋರ್‌ವೆಲ್ ನೀರಾದರೆ ಆರಿದ ಜಾಗದಲ್ಲಿ ಸುಣ್ಣದಂತಹ ಬಿಳಿ ಗೆರೆ ಉಳಿಯುತ್ತದೆ. ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತಿರುತ್ತದೆ. ಪಂಪಿನ ಸೀಲ್ ಹೋದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಬೀಳಲೆಂದೇ ಅದನ್ನು ಬಿಟ್ಟಿರುತ್ತಾರೆ. ಟಾರ್ಚ್ ಹಿಡಿದು ಅಲ್ಲಿ ನೋಡಿ. ಹೋಸ್ ಪೈಪಿನ ಕ್ಲಾಂಪುಗಳು, ರೇಡಿಯೇಟರಿನ ಕೆಳಗಿನ ಅಂಚು, ಕ್ಯಾಬಿನ್ನಿನಲ್ಲಿ ಹೀಟರ್ ಇದ್ದರೆ ಅದರ ಕೆಳಗಿನ ಮ್ಯಾಟ್, ಇವನ್ನೂ ಬಿಡಬೇಡಿ. ಹಾಗೆಯೇ ಆಯಿಲ್ ಕಡ್ಡಿ ಹೊರಗೆಳೆದು ನೋಡಿ: ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಅಲ್ಲಿಗೂ ಸೇರಿದೆ, ಅಂಥ ಎಂಜಿನ್ ಓಡಿಸಿದರೆ ಬೇರಿಂಗುಗಳು ಉಳಿಯುವುದಿಲ್ಲ.

ಇದಾದ ಮೇಲೆ ರೇಡಿಯೇಟರ್ ಕೆಲಸದವರ ಬಳಿ ಇರುವ ಕೈಪಂಪಿನ ಪರೀಕ್ಷೆ ಮಾಡಿಸಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆದು, ಅದರ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು, ರಾತ್ರಿಯಿಡೀ ಹಾಗೆಯೇ ಬಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡದೆ ನಾಲ್ಕೂ ಹೀಟರ್ ಪ್ಲಗ್ ಬಿಚ್ಚಿ (ನಿಮ್ಮ ಎಂಜಿನ್ನಿಗೆ ಅದಿಲ್ಲದಿದ್ದರೆ ನಾಜಲ್ ಬಿಚ್ಚಿ), ಡೀಸೆಲ್ ಹೋಗದಂತೆ ಪಂಪಿನ ಸ್ವಿಚ್ಚಿನ ವೈರ್ ಕಳಚಿ, ತೂತುಗಳ ಎದುರಿಗೆ ಒಂದು ರಟ್ಟು ಹಿಡಿದು, ಮುಖವನ್ನು ದೂರವಿಟ್ಟುಕೊಂಡು ಎರಡು ಸೆಕೆಂಡು ಕ್ರ್ಯಾಂಕ್ ಮಾಡಿಸಿ. ಮೂರು ತೂತುಗಳಿಂದ ಒಣ ಗಾಳಿ ಉಸ್ಸೆಂದು ಬಂದು, ಒಂದರಿಂದ ಮಾತ್ರ ನೀರು ಚಿಮ್ಮಿ ರಟ್ಟಿನ ಮೇಲೆ ಬೀಸಣಿಗೆಯಾಕಾರದ ಒದ್ದೆ ಬಿದ್ದರೆ, ನೀರು ಎಲ್ಲಿಗೆ ಹೋಗುತ್ತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬೆಳಗಿನ ಮಿಸ್ಸಿಂಗ್ ಯಾವ ಸಿಲಿಂಡರಿನದೆಂದು ತಿಳಿಯಲು, ಓಡುವ ಎಂಜಿನ್ನಿನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ ನೋಡುವ ಹಳೆಯ ಕ್ರಮವೂ ಇದೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗದೋ ಅದೇ ಸತ್ತ ಸಿಲಿಂಡರ್. ಇದು ನಿಮ್ಮಂತಹ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ, ಅದೂ ಕನ್ನಡಕ, ಕೈಗವಸು ಹಾಕಿಕೊಂಡ ಅನುಭವಿಗಳಿಗೆ ಮಾತ್ರ. ಎಲ್ಲ ನಾಜಲ್ಲುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಎಂದಿಗೂ ಮಾಡಬಾರದು. ಅಲ್ಲಿನ ಒತ್ತಡ 1,000 ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ.

ಒಂದೊಂದು ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆಂದು ಅಳೆಯುವ ಕಂಪ್ರೆಶನ್ ಪರೀಕ್ಷೆಯನ್ನೂ ಈ ಸಂದರ್ಭದಲ್ಲೇ ಮಾಡಿಸಿಬಿಡಿ. ಈ ಗಾತ್ರದ ಡೀಸೆಲ್ ಎಂಜಿನ್ ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ 25ರಿಂದ 30 ಬಾರ್ ತೋರಿಸುತ್ತದೆ, ಆದರೆ ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು ನೋಡಬೇಕು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಕಡಿಮೆ ಇದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ. ನಾಲ್ಕೂ ಸಮನಾಗಿ ಚೆನ್ನಾಗಿದ್ದರೆ ಬೋರ್ ಮಾಡಿಸುವ ಮಾತನ್ನು ಕೈಬಿಡಿ. ಪಿಸ್ಟನ್, ರಿಂಗು ಸವೆದಿಲ್ಲದ ಎಂಜಿನ್ನನ್ನು ಕೊರೆಸುವುದು ದುಡ್ಡು ಕೊಟ್ಟು ಅದರ ಆಯುಸ್ಸನ್ನು ಕಳೆದುಕೊಂಡಂತೆ.

ಹೆಡ್ ಬಿಚ್ಚಿದ ಮೇಲೆ ಬರೀ ಹೊಸ ಗ್ಯಾಸ್ಕೆಟ್ ಇಟ್ಟು ಮುಚ್ಚಿದರೆ ಆರು ತಿಂಗಳಲ್ಲಿ ಮತ್ತೆ ಇದೇ ಕಥೆಯಾಗುತ್ತದೆ. ಹೆಡ್ಡನ್ನು ಲೇತ್ ಶಾಪಿಗೆ ಕಳಿಸಿ, ನೇರ ಪಟ್ಟಿ ಮತ್ತು ಫೀಲರ್ ಗೇಜ್ ಇಟ್ಟು ಉದ್ದಕ್ಕೂ, ಮೂಲೆಯಿಂದ ಮೂಲೆಗೂ ಬಾಗನ್ನು ಅಳೆಸಿ. ಅನೇಕ ಎಂಜಿನ್ನುಗಳಿಗೆ 0.1 ಮಿಲಿಮೀಟರಿಗಿಂತ ಹೆಚ್ಚು ಬಾಗು ಸಲ್ಲದು. ಎರಡು ವಾಲ್ವುಗಳ ನಡುವೆ ಬಿರುಕಿದೆಯೇ ಎಂದು ನೀರಿನ ಒತ್ತಡದಲ್ಲಿ ಪರೀಕ್ಷಿಸಲು ಹೇಳಿ. ಡೀಸೆಲ್ ಗ್ಯಾಸ್ಕೆಟ್ ಹಲವು ದಪ್ಪಗಳಲ್ಲಿ ಬರುವುದರಿಂದ, ಹಳೆಯದರ ಅಂಚಿನಲ್ಲಿರುವ ತೂತು ಅಥವಾ ಕಚ್ಚುಗಳನ್ನು ಎಣಿಸಿ ಅದೇ ಅಳತೆಯದನ್ನು ತನ್ನಿ. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿಯಬೇಕು.

ಗ್ಯಾಸ್ಕೆಟ್ ಏಕೆ ಹೋಯಿತು ಎಂಬುದೂ ಅಷ್ಟೇ ಮುಖ್ಯ. ನಿಮ್ಮ ಕಡೆಯ ಗಡಸು ಬೋರ್‌ವೆಲ್ ನೀರನ್ನೇ ತುಂಬುತ್ತಿದ್ದರೆ, ಮನೆಯ ಸ್ನಾನದ ಹಂಡೆಯೊಳಗೆ ಕಟ್ಟುವ ಹಕ್ಕಳೆಯೇ ರೇಡಿಯೇಟರಿನ ನಳಿಕೆಗಳಲ್ಲೂ ಕಟ್ಟುತ್ತದೆ. ಎಂಜಿನ್ ಬಿಸಿಯಾದ ಮೇಲೆ ತೆರೆದು ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟನ್ನು ಯಾರಾದರೂ ಕಿತ್ತುಹಾಕಿದ್ದಾರೆಯೇ ಎಂದೂ ನೋಡಿ. ‘ಕಿತ್ತರೆ ಗಾಡಿ ತಣ್ಣಗಿರುತ್ತದೆ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆಗೆದರೆ ಬೈಪಾಸ್ ದಾರಿ ತೆರೆದೇ ಉಳಿದು, ಬಿಸಿ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಲೀಕ್ ನಿಲ್ಲಿಸುವ ಪುಡಿಯಂತೂ ಈಗಾಗಲೇ ಕಿರಿದಾಗಿರುವ ಆ ನಳಿಕೆಗಳನ್ನೇ ಮೊದಲು ಮುಚ್ಚುತ್ತದೆ. ಕೆಲಸ ಮುಗಿದ ಮೇಲೆ ಡಿಸ್ಟಿಲ್ಡ್ ನೀರಿಗೆ ಕಂಪನಿ ಹೇಳಿದ ಪ್ರಮಾಣದಲ್ಲಿ ಕೂಲಂಟ್ ಬೆರೆಸಿ ತುಂಬಿ.

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನಲ್ಲಿದ್ದೇನೆ. ಇಪ್ಪತ್ತು ವರ್ಷ ದಾಟಿದ ವಿ8 ಪೆಟ್ರೋಲ್ ಪಿಕಪ್ಪಿನಲ್ಲಿ ಪದೇಪದೇ ಪಿ0304 ಕೋಡ್ (ಗಾಡಿಯ ಕಂಪ್ಯೂಟರ್ ತೋರಿಸುವ ದೋಷದ ಸಂಖ್ಯೆ) ಬರುತ್ತದೆ. ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಬದಲಿಸಿದರೆ ಎರಡು ವಾರ ಸರಿಯಿದ್ದು ಮತ್ತೆ ಮಿಸ್ಸಿಂಗ್. ಕೂಲಂಟ್ ಕೂಡ ನಿಧಾನವಾಗಿ ಇಳಿಯುತ್ತಿದೆ. ಇದೂ ಹೆಡ್ ಗ್ಯಾಸ್ಕೆಟ್ಟೇ?

ಉತ್ತರ: ಬಹುಶಃ ಅಲ್ಲ. ಆ ಕೋಡ್ 4ನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ಹೇಳುತ್ತದೆ, ಕಾಯಿಲ್ ಕೆಟ್ಟಿದೆ ಎಂದಲ್ಲ. ಹೊಸ ಕಾಯಿಲ್ ಎರಡೇ ವಾರದಲ್ಲಿ ಸಾಯುತ್ತಿದೆಯೆಂದರೆ ಅದನ್ನು ಏನೋ ಒದ್ದೆ ಮಾಡುತ್ತಿದೆ. ಕಾಯಿಲ್ ತೆಗೆದು ಸ್ಪಾರ್ಕ್ ಪ್ಲಗ್ ಕೂರುವ ಬಾವಿಯೊಳಗೆ ಟಾರ್ಚ್ ಬಿಡಿ. ತಳದಲ್ಲಿ ಕೂಲಂಟ್ ನಿಂತಿದ್ದರೆ, ಕಿಡಿ ಪ್ಲಗ್ಗಿನ ತುದಿ ತಲುಪದೆ ಆ ದ್ರವದ ಮೂಲಕ ಹೆಡ್ಡಿಗೆ ಹರಿದುಹೋಗುತ್ತಿದೆ. ಆ ಸಿಲಿಂಡರಿನ ಮೇಲೆ ಹಾದುಹೋಗುವ ಹೀಟರ್ ಹೋಸ್, ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್, ಥರ್ಮೋಸ್ಟಾಟಿನ ಗೂಡು, ಈ ಮೂರನ್ನು ಮೊದಲು ಪರೀಕ್ಷಿಸಿ.

ಪ್ಲಗ್ ಬಿಚ್ಚುವ ಮೊದಲು ಬಾವಿಯಲ್ಲಿನ ದ್ರವವನ್ನು ಹೀರಿ ತೆಗೆದು ಗಾಳಿ ಊದಿ ಒಣಗಿಸಿ, ಇಲ್ಲವಾದರೆ ಅಷ್ಟೂ ಸಿಲಿಂಡರಿಗೆ ಬೀಳುತ್ತದೆ. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಗಾಡಿ ಓಡಿಸಬೇಡಿ. ಸುಡದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಸೋರಿಕೆ ಸರಿಪಡಿಸಿ, ಪ್ಲಗ್ ಮತ್ತು ಕಾಯಿಲಿನ ರಬ್ಬರ್ ಬೂಟ್ ಎರಡನ್ನೂ ಬದಲಿಸಿದ ಮೇಲೆ, ಕೂಲಂಟ್ ಡಬ್ಬಿಯ ಮೇಲೆ ಮಟ್ಟಕ್ಕೆ ಸರಿಯಾಗಿ ಒಂದು ಟೇಪ್ ಅಂಟಿಸಿ ಒಂದು ವಾರ ಓಡಿಸಿ, ಪ್ರತಿದಿನ ಎಂಜಿನ್ ತಣ್ಣಗಿರುವಾಗಲೇ ನೋಡಿ.