ಲಾರಿ ಗೇರ್‌ಬಾಕ್ಸನ್ನು ಮನೆ ಮುಂದೆ ಒಬ್ಬರೇ ಕೂರಿಸಬಹುದಾ?

ಕೂರಿಸಬಹುದು, ಆದರೆ ತೋಳ್ಬಲದಿಂದಲ್ಲ. ದೊಡ್ಡ ಲಾರಿಯದಾದರೆ 200 ಕೆಜಿ ದಾಟುತ್ತದೆ. ಗೇರ್‌ಬಾಕ್ಸ್ ಜಾಕ್ ಬೇಕೇ ಬೇಕು, ಕೆಳಗೆ ಸಮತಟ್ಟಾದ ಕಾಂಕ್ರೀಟ್ ಇರಬೇಕು. ಮಣ್ಣಿನ ಅಂಗಳದಲ್ಲಿ ಜಾಕ್‌ನ ಗಾಲಿ ಹೂತುಕೊಳ್ಳುತ್ತದೆ. ಅಲ್ಲಿ ದಯವಿಟ್ಟು ಬೇಡ.

ಭಾರಕ್ಕಿಂತ ಜಾಸ್ತಿ ಕಾಡುವುದು ಕೊನೆಯ ಒಂದು ಇಂಚು. ಗೇರ್‌ಬಾಕ್ಸಿನ ಮುಂದೆ ಚಾಚಿರುವ ಇನ್‌ಪುಟ್ ಶಾಫ್ಟ್ ಮೇಲೆ ಉದ್ದುದ್ದ ಹಲ್ಲುಗಳಿರುತ್ತವೆ. ಅವು ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳಿಗೆ ಹೊಂದಬೇಕು. ಶಾಫ್ಟಿನ ತುದಿ ಫ್ಲೈವೀಲ್ (ಎಂಜಿನ್ನಿನ ಹಿಂದಿರುವ ಭಾರದ ಚಕ್ರ) ನಡುವಿನ ಪುಟ್ಟ ಬೇರಿಂಗಿನೊಳಗೆ ಕೂರಬೇಕು. ಒಂಚೂರು ಓರೆಯಾದರೂ ಅಲ್ಲೇ ನಿಂತುಬಿಡುತ್ತದೆ.

ಹಾಗಾಗಿ ಕ್ಲಚ್ ಪ್ಲೇಟನ್ನು ಮೊದಲೇ ಸರಿಯಾಗಿ ನಡುವಿಗೆ ತಂದು ಬಿಗಿಯಿರಿ. ಅದೇ ಅಳತೆಯ ಹಳೇ ಇನ್‌ಪುಟ್ ಶಾಫ್ಟ್ ಸಿಕ್ಕರೆ ಅದಕ್ಕಿಂತ ಒಳ್ಳೆ ಸಾಧನವಿಲ್ಲ. ತಲೆ ಕತ್ತರಿಸಿದ ಎರಡು ಉದ್ದ ಬೋಲ್ಟುಗಳನ್ನು ಎಂಜಿನ್ನಿನ ಹಿಂಬದಿಯಲ್ಲಿ ಎರಡೂ ಪಕ್ಕದ ಬೋಲ್ಟ್ ತೂತುಗಳಿಗೆ ತಿರುಗಿಸಿ. ಗೇರ್‌ಬಾಕ್ಸ್ ಅವುಗಳ ಮೇಲೆ ನೇರವಾಗಿ ಜಾರುತ್ತದೆ, ಇವೇ ನಿಮ್ಮ ಎರಡನೇ ಆಳು. ಗೇರ್ ಹಾಕಿ, ಹಿಂದಿನ ಫ್ಲಾಂಜನ್ನು (ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ತಟ್ಟೆ) ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ ಮುಂದೆ ತಳ್ಳಿ. ಹಲ್ಲು ಸೇರಿದ್ದು ಕೈಗೇ ಗೊತ್ತಾಗುತ್ತದೆ.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಸಂದಿ ಉಳಿದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಹೌಸಿಂಗ್ (ಹೊರಕವಚ) ಬಿರುಕು ಬಿಡುತ್ತದೆ. ಅರ್ಧ ಹೋದದ್ದನ್ನು ಶಾಫ್ಟ್ ಮೇಲೆ ನೇತಾಡಲು ಬಿಡಬೇಡಿ. ಅಷ್ಟೂ ಭಾರ ಕ್ಲಚ್ ಪ್ಲೇಟಿನ ಮೇಲೆ ಬಿದ್ದು ಅದು ಬಾಗುತ್ತದೆ, ಆಮೇಲೆ ಕ್ಲಚ್ ಪೂರ್ತಿ ಬಿಡುವುದೇ ಇಲ್ಲ.

ಗಾಡಿಯನ್ನು ಎತ್ತಿದ್ದರೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಇಡಿ. ಕೆಲಸ ನೀವೊಬ್ಬರೇ ಮಾಡಿ, ಆದರೆ ಕೂಗಿದರೆ ಕೇಳುವಷ್ಟು ಹತ್ತಿರ ಯಾರಾದರೂ ಇರಲಿ.