ಜೀನ್ಸ್ ಅಂಗಡಿಗೆ ಹಾರ್ಮೋನ್ ಪಾಠ

ಪ್ರಶ್ನೆ: ಮೇಡಂ, ಕೊಪ್ಪಳದಲ್ಲಿ ನಂದೊಂದು ಸಣ್ಣ ಜೀನ್ಸ್ ಅಂಗಡಿ ಇದೆ. ಮಾಲು ಬಳ್ಳಾರಿಯಿಂದ ತರುತ್ತೇನೆ. ಮೊನ್ನೆ ಒಬ್ಬರು ಬಂದು, ಗಿರಾಕಿಯ ಹಾರ್ಮೋನ್ ತಿಳಿದು ವ್ಯಾಪಾರ ಮಾಡುವುದನ್ನು ಕಲಿಸುತ್ತೇವೆ ಅಂದರು. ಜೊತೆಗೆ ಅಂಗಡಿಯಲ್ಲಿ ಹೊಡೆಯಲು ‘ಆಕ್ಸಿಟೋಸಿನ್’ ಸ್ಪ್ರೇ ಕೊಡುತ್ತಾರಂತೆ. ಗಿರಾಕಿಗೆ ನಂಬಿಕೆ ಹುಟ್ಟುತ್ತದಂತೆ. ಫೀಸು ಎಂಟು ಸಾವಿರ. ಕೊಡಬಹುದಾ?
– ಜೀನ್ಸ್ ವ್ಯಾಪಾರಿ, ಕೊಪ್ಪಳ

ಉತ್ತರ: ಕೊಡಬೇಡಿ. ಆ ದುಡ್ಡಿಗೆ ಗವಿಮಠದ ಜಾತ್ರೆ ಹೊತ್ತಿಗೆ ಇನ್ನಷ್ಟು ಮಾಲು ತರಿಸಿ.

ನಾನು ಬಳ್ಳಾರಿಯಲ್ಲಿ ಮೆಡಿಕಲ್ ಹುಡುಗರಿಗೆ ಪಾಠ ಮಾಡಿದವಳು. ಆಕ್ಸಿಟೋಸಿನ್ ಅಂದರೆ ನನಗೆ ನೆನಪಾಗುವುದು ಹೆರಿಗೆ ವಾರ್ಡು. ಹೆರಿಗೆ ನೋವು ಬರುವುದಕ್ಕೆ, ಎದೆಹಾಲು ಇಳಿಯುವುದಕ್ಕೆ ಬೇಕಾದ ಹಾರ್ಮೋನ್ ಅದು. ಅದನ್ನು ಮೂಗಿಗೆ ಹೊಡೆದುಕೊಂಡವರು ಹಣದ ಆಟದಲ್ಲಿ ಅಪರಿಚಿತರನ್ನು ಜಾಸ್ತಿ ನಂಬಿದರು ಎಂದು 2005ರಲ್ಲಿ ಜೂರಿಕ್ ವಿಶ್ವವಿದ್ಯಾಲಯದವರು ಬರೆದರು. ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅದೇ ಫಲ ಸರಿಯಾಗಿ ಸಿಗಲಿಲ್ಲ. ಅದೂ ಮೂಗಿನೊಳಗೆ ಹೊಡೆದದ್ದು, ಫ್ಯಾನು ತಿರುಗುವ ಅಂಗಡಿಯಲ್ಲಿ ಅಲ್ಲ.

ಹಾಗಂತ ಹಾರ್ಮೋನಿಗೂ ಖರೀದಿಗೂ ಸಂಬಂಧವೇ ಇಲ್ಲ ಅಂತಲ್ಲ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಿಮ್ಮ ವ್ಯಾಪಾರಕ್ಕೆ ಹತ್ತಿರದ್ದು. 243 ಗಂಡಸರು. ಕೆಲವರ ಮೈಗೆ ಗಂಡಸರ ಹಾರ್ಮೋನ್ ಟೆಸ್ಟೊಸ್ಟಿರಾನ್ ಇರುವ ಜೆಲ್, ಉಳಿದವರಿಗೆ ಔಷಧಿಯಿಲ್ಲದ ಜೆಲ್. ಆಮೇಲೆ ಗುಣಮಟ್ಟದಲ್ಲಿ ಒಂದೇ ಅನ್ನಿಸುವ ಎರಡೆರಡು ಬ್ರಾಂಡು ಮುಂದಿಟ್ಟರು. ಹಾರ್ಮೋನ್ ಹಚ್ಚಿಕೊಂಡವರಿಗೆ ಅಂತಸ್ತಿನ ಬ್ರಾಂಡೇ ಜಾಸ್ತಿ ಹಿಡಿಸಿತು. ಹುಡುಗರು ಹೊಲಿಗೆ ನೋಡುವ ಮೊದಲು ಸೊಂಟದ ಹಿಂದಿನ ಲೇಬಲ್ ನೋಡುವುದನ್ನು ನೀವೂ ಕಂಡಿರುತ್ತೀರಿ. ಆದರೆ ಇದರಿಂದ ನಿಮಗೇನು ಲಾಭ? ಗಿರಾಕಿಗೆ ಜೆಲ್ ಹಚ್ಚಲಾಗುತ್ತದಾ? ಆ ಹಾರ್ಮೋನ್ ಮೈಯಲ್ಲಿ ಜಾಸ್ತಿ ಇರುವುದು ಬೆಳಗ್ಗೆ. ನಿಮ್ಮ ಗಿರಾಕಿ ಬರುವುದು ಸಂಜೆ, ಅಲ್ವಾ?

ನನಗೆ ಕುತೂಹಲ ಹುಟ್ಟಿಸಿದ್ದು ಹಸಿವಿನ ವಿಷಯ. ಊಟದ ಹೊತ್ತಾದರೆ ಜಠರ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಬಿಡುತ್ತದೆ. ಜಪಾನಿನವರು 1999ರಲ್ಲಿ ಕಂಡುಹಿಡಿದದ್ದು. 2015ರ ಒಂದು ಅಧ್ಯಯನದಲ್ಲಿ ಹಸಿದವರು, ಪುಕ್ಕಟೆ ಸಿಕ್ಕಾಗ, ಕಾಗದಕ್ಕೆ ಹಾಕುವ ಕ್ಲಿಪ್ಪನ್ನೂ ಜಾಸ್ತಿ ಎತ್ತಿಕೊಂಡರು. ತಿನ್ನಲಿಕ್ಕೆ ಬಾರದ ವಸ್ತು! ಅಂಗಡಿಯಿಂದ ಹೊರಬಂದವರ ಬಿಲ್ಲು ನೋಡಿದಾಗಲೂ ಹಸಿದವರದ್ದೇ ದೊಡ್ಡದು. ಅದೆಲ್ಲ ಗ್ರೆಲಿನ್ ಕೆಲಸವೇ ಅಂತ ಅವರು ರಕ್ತ ಪರೀಕ್ಷೆ ಮಾಡಿ ತೋರಿಸಿಲ್ಲ, ಅದು ಬೇರೆ ಮಾತು. ಮುಖ್ಯವಾದದ್ದು ಇನ್ನೊಂದು: ಕ್ಲಿಪ್ಪು ಎಷ್ಟು ಇಷ್ಟ ಅಂತ ಕೇಳಿದರೆ ಹಸಿದವರೂ ಹೊಟ್ಟೆ ತುಂಬಿದವರೂ ಒಂದೇ ಸಮ. ಬೇಕು ಅನ್ನಿಸಿತ್ತು, ಇಷ್ಟವಾಗಿರಲಿಲ್ಲ.

ಹಾಗಾಗಿ ಹಸಿದವನಿಗೆ ಎರಡು ಪ್ಯಾಂಟು ದಾಟಿಸಿದರೆ ಅದರಲ್ಲೊಂದು ನಾಳೆ ಬದಲಿಸಲು ವಾಪಸು ಬರಬಹುದು. ನಮ್ಮ ಅಪ್ಪನಿಗೂ ಬಟ್ಟೆ ಅಂಗಡಿ ಇತ್ತು. ಹಳ್ಳಿಯಿಂದ ಮದುವೆ ಜವಳಿಗೆ ಬಂದವರಿಗೆ ಮೊದಲು ಒಗ್ಗರಣಿ-ಮಿರ್ಚಿ ತರಿಸುತ್ತಿದ್ದರು, ಆಮೇಲೆ ಸೀರೆ ಬಿಡಿಸಿ ತೋರಿಸುತ್ತಿದ್ದರು. ಅವರಿಗೆ ಗ್ರೆಲಿನ್ ಗೊತ್ತಿರಲಿಲ್ಲ. ಬದಲಿಸಲು ಬರುವವರ ಕಾಟ ಚೆನ್ನಾಗಿ ಗೊತ್ತಿತ್ತು.

ಆ ಮನುಷ್ಯ ಮತ್ತೆ ಬಂದರೆ ಬಾಟಲಿಯ ಲೇಬಲ್ ತೋರಿಸಲು ಹೇಳಿ. ಆಕ್ಸಿಟೋಸಿನ್ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿ. ಒಳಗೆ ನಿಜಕ್ಕೂ ಅದೇ ಇದ್ದರೆ ಔಷಧ ನಿಯಂತ್ರಣ ಇಲಾಖೆಗೆ ತಿಳಿಸಿ. ಇಲ್ಲದಿದ್ದರೆ ಅದು ಎಂಟು ಸಾವಿರದ ಸೆಂಟು.