ಮೇ ತಿಂಗಳಲ್ಲಿ 18 ತುಂಬಿದವರ ಅರ್ಜಿ ತಡೆದು ನಿಂತಿದ್ದರೆ

ಮತದಾರರ ಪಟ್ಟಿಗೆ ತಂಗಿಯ ಹೆಸರು ಸೇರಿಸಲು ಹಾಕಿದ ಅರ್ಜಿ ಮುಂದೆ ಹೋಗುತ್ತಿಲ್ಲ ಎಂದು ಕೇಳಿದ್ದೀರಿ. ಇದಕ್ಕೆ ಬಹುಶಃ ಅರ್ಹತಾ ದಿನಾಂಕವೇ, ಅಂದರೆ 18 ತುಂಬಿದೆಯೇ ಎಂದು ನೋಡುವ ದಿನವೇ, ಕಾರಣ. ನಿಮ್ಮ ತಂಗಿಗೆ ಮೇ 9ಕ್ಕೆ 18 ತುಂಬಿ, ಆ ವಾರವೇ ನಮೂನೆ 6 (ಹೊಸ ಮತದಾರರ ಅರ್ಜಿ) ಹಾಕಿದ್ದರೂ ವಯಸ್ಸನ್ನು ಲೆಕ್ಕ ಹಾಕುವುದು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೆ ಮಾತ್ರ. ಹಾಗಾಗಿ ಆಕೆಯದು ಜುಲೈ 1ರ ಲೆಕ್ಕಕ್ಕೆ ಬರುತ್ತದೆ. 2022ಕ್ಕೆ ಮೊದಲು ಜನವರಿ 1 ಒಂದೇ ಇತ್ತು. ಜನವರಿ 2ರಂದು ಹುಟ್ಟಿದವರು ವರ್ಷವಿಡೀ ಕಾಯಬೇಕಿತ್ತು. ಈಗಿನದು ಎಷ್ಟೋ ವಾಸಿ, ಆದರೂ 18 ತುಂಬಿದ ದಿನದಿಂದಲೇ ಹಕ್ಕು ಸಿಗಬೇಕೆಂಬುದು ನನ್ನ ಅಭಿಪ್ರಾಯ.

ಮತ್ತೊಂದು ಅರ್ಜಿ ಹಾಕಬೇಡಿ. ಮೊದಲು ರೆಫರೆನ್ಸ್ ನಂಬರ್ ಹಾಕಿ ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಸ್ಥಿತಿ ನೋಡಿ. ಅರ್ಜಿಯಲ್ಲಿರುವ ಜನ್ಮದಿನಾಂಕ ನೀವು ಲಗತ್ತಿಸಿದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯದಕ್ಕೆ ಸರಿಯಾಗಿ ಹೊಂದುತ್ತದಾ ಎಂದು ಒಂದೊಂದು ಅಂಕಿ ಓದಿ. ಆಮೇಲೆ ನಿಮ್ಮ ಭಾಗದ ಬಿಎಲ್‌ಒಗೆ (ಮತಗಟ್ಟೆ ಮಟ್ಟದ ಅಧಿಕಾರಿ) ಫೋನ್ ಮಾಡಿ. ಅವರ ನಂಬರ್ ಇಲ್ಲದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಕೇಳಿ. ತಂಗಿ ಹಾಸ್ಟೆಲಿನಲ್ಲಿದ್ದಾಳೆ ಎಂದಿದ್ದೀರಿ. ಬಿಎಲ್‌ಒ ಪರಿಶೀಲನೆಗೆ ಬಂದಾಗ ತಂಗಿ ಮನೆಯಲ್ಲಿಲ್ಲದಿದ್ದರೆ ‘ಇಲ್ಲಿ ವಾಸವಿಲ್ಲ’ ಎಂದು ಬರೆದುಕೊಂಡು ಹೋಗುವ ಸಾಧ್ಯತೆ ಇದೆ. ಓದಲು ಹೋಗಿದ್ದಾಳೆ, ಮನೆ ಇದೇ ಎಂದು ಮೊದಲೇ ತಿಳಿಸಿಬಿಡಿ.

ಜುಲೈ ಕಳೆದರೂ ಅಲ್ಲೇ ನಿಂತಿದ್ದರೆ ಕಾರಣ ಬೇರೆ ಇರಬಹುದು; ಆಗ ಮತದಾರರ ನೋಂದಣಿ ಅಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಿರಸ್ಕರಿಸಿದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.